ನಿಮ್ಮ ‘ಗೊತ್ತಿಲ್ಲ’ವನ್ನು ನನ್ನ ಬಾಯಲ್ಲಿ ಹೇಳಿಸಿದ ನಿರ್ದೇಶಕರಿಗೆ

ಮಾನ್ಯ ಆಡಳಿತ ನಿರ್ದೇಶಕರೇ,

ನೀವು ಬಂದು ಹೇಳಬೇಕಾಗಿದ್ದ ಮಾತನ್ನು ನೀವು ಹೇಳಲಿಲ್ಲ. ನಿಮ್ಮ ಪರವಾಗಿ ಜನರ ಮುಂದೆ ನಿಂತ ನನ್ನೊಂದಿಗೆ ಇಂದು ಮಾತಾಡುವವರು ಯಾರೂ ಉಳಿದಿಲ್ಲ. ನನ್ನ ದೂರು ಇಷ್ಟೇ. ಇದನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವೇನಿತ್ತೆಂದು ನೀವು ಕೇಳಬಹುದು. ಕಂಪನಿಯ ಆ್ಯಪ್‌ನಲ್ಲಿ ‘ನಾಯಕರೊಂದಿಗೆ ನೇರ ಮಾತು’ ಎಂಬ ಕಿಟಕಿಯೊಂದಿದೆ. ಅಲ್ಲಿ ಬರೆದಾಗಲೆಲ್ಲ ಹೂಗುಚ್ಛದ ಚಿತ್ರದೊಂದಿಗೆ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಉತ್ತರ ಬರುತ್ತದೆ. ಅಮೂಲ್ಯ ಎಂದರೆ ಬೆಲೆಯೇ ಇಲ್ಲದ್ದು ಎಂಬ ಅರ್ಥವೂ ಇದೆಯೆಂದು ನನಗೆ ತಡವಾಗಿ ಹೊಳೆಯಿತು.

ನಾನು ಜಯಾ. ಮಾಚೇನಹಳ್ಳಿಯ ನಿಮ್ಮ ಫೌಂಡ್ರಿಯಲ್ಲಿ ಕೋರ್ ವಿಭಾಗದ ಸೂಪರ್‌ವೈಸರ್. ಎರಕ ಹೊಯ್ಯುವ ಅಚ್ಚಿನೊಳಗೆ ಎಲ್ಲಿ ಟೊಳ್ಳು ಉಳಿಯಬೇಕೋ ಅಲ್ಲಿ ಇಡುವ ಮರಳಿನ ಗಟ್ಟಿಗೆ ಕೋರ್ ಎನ್ನುತ್ತೇವೆ. ಅದನ್ನು ಮಾಡುತ್ತಿದ್ದವರೆಲ್ಲ ಹೆಂಗಸರು. ನಾನೂ ಅವರ ಜೊತೆ ಅದೇ ಮೇಜಿನಲ್ಲಿ ನಿಂತು ಮರಳು ಮೆತ್ತಿದವಳು, ಆಮೇಲೆ ಸೂಪರ್‌ವೈಸರ್ ಆದವಳು. ನನಗೆ ಮದುವೆಯಾಗಿಲ್ಲ. ಗೋಪಾಳದಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಇದನ್ನು ದೂರಾಗಿ ಹೇಳುತ್ತಿಲ್ಲ. ದಿನದ ಮಾತನ್ನೆಲ್ಲ ಕಾರ್ಖಾನೆಯಲ್ಲೇ ಆಡಿ ಮುಗಿಸಿ ಬರುತ್ತಿದ್ದವಳಿಗೆ ಮನೆಯ ಮೌನವೆಂದರೆ ವಿಶ್ರಾಂತಿಯಾಗಿತ್ತು.

ನೀವು ಅಧಿಕಾರ ವಹಿಸಿಕೊಂಡ ಮೇಲೆ ಎಷ್ಟು ಬಗೆಯ ನಾಯಕತ್ವ ಕಂಡೆವು! ಎಲೆಕ್ಟ್ರಿಕ್ ವಾಹನಗಳು ಬಂದು ಎಂಜಿನ್ ಬಿಡಿಭಾಗಗಳ ಬೇಡಿಕೆ ಇಳಿಯುತ್ತಿದೆ, ಆದ್ದರಿಂದ ಬದಲಾಗಬೇಕು ಎಂದಿರಿ. ಸರಿಯಾದ ಮಾತೇ. ಮೊದಲು ‘ಪರಿವರ್ತನಾ ನಾಯಕತ್ವ’ ಬಂತು. ಶಿವಮೊಗ್ಗದ ಹೋಟೆಲಿನಲ್ಲಿ ನಮ್ಮ ಕೈಗೆ ಬಲೂನು ಕೊಟ್ಟು, ಭಯವನ್ನು ಅದರೊಳಗೆ ಊದಿ ಒಡೆಯಿರಿ ಎಂದರು. ಒಡೆದೆವು. ಆಮೇಲೆ ‘ಚುರುಕು ನಾಯಕತ್ವ’ವೆಂದು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಗೋಡೆಗೆ ಹಳದಿ ಚೀಟಿ ಅಂಟಿಸಿದರು. ಬಳಿಕ ‘ಸೇವಕ ನಾಯಕತ್ವ’. ಆ ದಿನ ನೀವೇ ಬಂದಿರಿ. ಕ್ಯಾಂಟೀನಿನಲ್ಲಿ ಸೌಟು ಹಿಡಿದು ನಮಗೆಲ್ಲ ಮಜ್ಜಿಗೆ ಬಡಿಸಿದಿರಿ, ಫೋಟೊ ತೆಗೆದರು. ನನ್ನ ಪಕ್ಕದಲ್ಲಿದ್ದ ಪುಟ್ಟಲಕ್ಷ್ಮಿ ಲೋಟ ಕೆಳಗಿಟ್ಟು ಹೇಳಿದಳು: “ಮಜ್ಜಿಗೆ ಚೆನ್ನಾಗಿತ್ತು ಮಾರಾಯ್ತಿ. ಒಂದ್ ಮಾತು ಕೇಳ್ಬೇಕಿತ್ತು, ಅಷ್ಟೊತ್ತಿಗೆ ಕಾರು ಹತ್ತೇಬಿಟ್ರು.”

ಅವಳು ಏನು ಕೇಳಬೇಕೆಂದಿದ್ದಳೆಂದು ಈಗ ಹೇಳುತ್ತೇನೆ, ಕೇಳಿಸಿಕೊಳ್ಳಿ.

ಪುಟ್ಟಲಕ್ಷ್ಮಿ ಮಲವಗೊಪ್ಪದವಳು. ನಾವಿಬ್ಬರೂ ಒಟ್ಟಿಗೇ ಕೆಲಸಕ್ಕೆ ಸೇರಿದವರು. ದಿನವೂ ನಾನು ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬ್ಯಾಗಿಟ್ಟು ಅವಳಿಗೆ ಜಾಗ ಕಾಯುತ್ತಿದ್ದೆ. ಅವಳು ಹತ್ತಿ, ಬ್ಯಾಗನ್ನು ನನ್ನ ತೊಡೆಗೆ ಎಸೆದು ಕೂರುತ್ತಿದ್ದಳು. ಅವಳ ಗಂಡನಿಗೆ ಬೆನ್ನುಮೂಳೆಯ ತೊಂದರೆ, ದುಡಿಮೆ ಅವಳದೊಂದೇ. ಮನೆಯ ಹತ್ತಿರದ ವಿದ್ಯಾರ್ಥಿನಿಲಯವೊಂದರಲ್ಲಿ ಅವಳಿಗೆ ಅಡುಗೆ ಕೆಲಸ ಸಿಕ್ಕಿತ್ತು. ಸಂಬಳ ಇಲ್ಲಿಗಿಂತ ಕಡಿಮೆ, ಆದರೆ ಕಾಯಂ. ಶಾಲೆ ಶುರುವಾಗುವುದರೊಳಗೆ ಒಪ್ಪಬೇಕಿತ್ತು.

“ಜಯಾ, ನಮ್ಮ ವಿಭಾಗ ಇರುತ್ತಾ, ಮುಚ್ತಾರಾ? ನೀನು ಹೇಳು. ನಾನು ಹೋಗ್ಲಾ, ಇರ್ಲಾ?”

ನಾನು ಮೇಲಿನವರನ್ನು ಕೇಳಿದೆ. ಪ್ಲಾಂಟ್ ಹೆಡ್ ಛಾವಣಿ ನೋಡಿದರು. ಮಾನವ ಸಂಪನ್ಮೂಲದವರು “ಎಲ್ಲ ಆಯ್ಕೆಗಳೂ ಮುಕ್ತವಾಗಿವೆ, ನೀವು ತಂಡಕ್ಕೆ ಸಕಾರಾತ್ಮಕ ಸಂದೇಶ ಕೊಡಿ” ಎಂದರು. ನಿಮಗೆ ಬರೆದೆ, ಹೂಗುಚ್ಛ ಬಂತು. ಸಕಾರಾತ್ಮಕ ಸಂದೇಶ ಎಂದರೇನು ಸ್ವಾಮಿ? ಮನೆ ಬೀಳುತ್ತದೆಯೋ ಎಂದು ಕೇಳಿದವರಿಗೆ ಗೋಡೆಯ ಬಣ್ಣ ಚೆನ್ನಾಗಿದೆ ಅನ್ನುವುದೇ? ನನಗೆ ಅದು ಬರಲಿಲ್ಲ. ನಾನು ನಿಜ ಹೇಳಿದೆ.

“ನಂಗೆ ಗೊತ್ತಿಲ್ಲ ಪುಟ್ಟಿ. ಕೇಳ್ದೆ, ಯಾರೂ ಹೇಳ್ಲಿಲ್ಲ. ಸಿಕ್ಕಿರೋ ಕೆಲಸ ಬಿಡ್ಬೇಡ.”

“ಮುಚ್ಚೋದಾಗಿದ್ರೆ ನಿಂಗೆ ಗೊತ್ತಿರ್ದೆ ಇರುತ್ತಾ? ಗೊತ್ತಿಲ್ಲ ಅಂದ್ರೆ ಮುಚ್ಚಲ್ಲ ಅಂತ್ಲೇ ಅರ್ಥ” ಎಂದು ತಾನೇ ತೀರ್ಮಾನಿಸಿದಳು. ನಾನು ಎಷ್ಟು ಬಿಡಿಸಿ ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ಸೂಪರ್‌ವೈಸರ್ ಅಂದರೆ ಎಲ್ಲ ಗೊತ್ತಿರುವವಳೆಂಬುದು ಅವಳ ನಂಬಿಕೆ. ಆ ನಂಬಿಕೆ ಬೆಳೆಸಿದ್ದು ನಾವೇ ಅಲ್ಲವೇ? ವಿದ್ಯಾರ್ಥಿನಿಲಯದ ಕೆಲಸ ಬೇರೆಯವರಿಗೆ ಹೋಯಿತು.

ಮಳೆಗಾಲ ಕಳೆದು ಒಂದು ಸೋಮವಾರ ಮಧ್ಯಾಹ್ನ ಊಟಕ್ಕೆ ಡಬ್ಬಿ ಬಿಚ್ಚಿದ್ದೆವು. ಎಲ್ಲರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು. ಇಂಗ್ಲಿಷಿನಲ್ಲಿ ಉದ್ದದ ಸಂದೇಶ. ಕಾಳಮ್ಮ ಫೋನನ್ನು ನನ್ನ ಕೈಗಿಟ್ಟರು. ಕಾಳಮ್ಮ ಭದ್ರಾವತಿಯವರು, ನಮ್ಮೆಲ್ಲರಿಗಿಂತ ಹಿರಿಯರು. “ಓದಮ್ಮಾ, ಬೋನಸ್ ವಿಷ್ಯ ಇರ್ಬೇಕು” ಎಂದು ನಗುತ್ತ ಕೂತರು. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳತೊಡಗಿದೆ. ನಮ್ಮ ಕೊಡುಗೆಗೆ ಕೃತಜ್ಞತೆ ಇತ್ತು. ಭವಿಷ್ಯದತ್ತ ದಿಟ್ಟ ಹೆಜ್ಜೆ ಇತ್ತು. ಮೂರನೆಯ ಸಾಲಿನಲ್ಲಿ ಕೋರ್ ವಿಭಾಗಕ್ಕೆ ಸ್ವಯಂಚಾಲಿತ ಯಂತ್ರ ಬರುವುದೂ, ಈಗಿನ ತಂಡವನ್ನು ‘ಬಿಡುಗಡೆ’ಗೊಳಿಸುವುದೂ ಇತ್ತು.

ಅಲ್ಲಿಗೆ ಓದು ನಿಲ್ಲಿಸಿದೆ. ನನಗೂ ಅದು ಆಗಲೇ ತಿಳಿದದ್ದು, ನನ್ನದೇ ದನಿಯಿಂದ.

“ಮುಂದೆ ಓದು” ಎಂದಳು ಪುಟ್ಟಲಕ್ಷ್ಮಿ. ಓದಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿ ಎದ್ದಳು. “ಹೇಳ್ಬಹುದಿತ್ತು ಮೇಡಂ” ಎಂದಳು. ಅಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳ ಬಾಯಲ್ಲಿ ನಾನು ಮೇಡಂ ಆದದ್ದು ಅಂದು.

“ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಕಾಳಮ್ಮ” ಎಂದೆ. ಆಕೆ ನನ್ನ ಮುಖ ನೋಡಿ ನಂಬಿದರು. ನಂಬಿ ಹೇಳಿದ ಮಾತು ಇದು: “ಸರಿ ಅಮ್ಮಾ, ಗೊತ್ತಿರ್ಲಿಲ್ಲ. ನಿಂಗೇ ಗೊತ್ತಿಲ್ಲ ಅಂದ್ಮೇಲೆ ಇಷ್ಟು ದಿನ ನಮ್ ಮುಂದೆ ಯಾಕೆ ನಿಂತಿದ್ದೆ?”

ಈ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ, ನಿರ್ದೇಶಕರೇ. ನಿಮ್ಮಲ್ಲಿ ಉತ್ತರವಿದೆಯೇ? ನಾವು ಬದಲಾವಣೆಗೆ ಹೆದರುವ ಜನವೆಂದು ನಿಮ್ಮ ತರಬೇತುದಾರರು ಹೇಳಿದರು. ಉಕ್ಕಿನ ಕಾರ್ಖಾನೆಯ ಚಿಮಣಿಯ ಹೊಗೆಯನ್ನು ನೆಚ್ಚಿ ಮನೆಯ ಒಲೆ ಹಚ್ಚಿದ ಊರು ಭದ್ರಾವತಿ. ಹೊಗೆ ತೆಳುವಾದ ಮೇಲೂ ಒಲೆ ಹಚ್ಚುವುದನ್ನು ಅದು ಕಲಿತಿದೆ. ಯಂತ್ರ ಬರಬಾರದೆಂದು ನಮ್ಮಲ್ಲಿ ಯಾರೂ ಅಡ್ಡ ಮಲಗಿರಲಿಲ್ಲ. ಯಂತ್ರದ ಯೋಚನೆ ಇದೆ, ಇನ್ನೂ ತೀರ್ಮಾನವಾಗಿಲ್ಲ, ನಿಮ್ಮ ದಾರಿ ನೋಡಿಕೊಳ್ಳುವುದು ಒಳ್ಳೆಯದು ಎಂದು ನೀವು ಬೇಸಿಗೆಯಲ್ಲೇ ಒಂದು ಮಾತು ಹೇಳಿದ್ದರೆ ಪುಟ್ಟಲಕ್ಷ್ಮಿ ಇಂದು ಮನೆಯ ಹತ್ತಿರವೇ ಕಾಯಂ ಕೆಲಸದಲ್ಲಿರುತ್ತಿದ್ದಳು. ಆ ಒಂದು ವಾಕ್ಯ ಹೇಳುವುದಕ್ಕೆ ಯಾವ ಶೈಲಿಯ ನಾಯಕತ್ವ ಬೇಕಿತ್ತು? ನೀವು ಬರುವ ಮೊದಲು ಇಲ್ಲಿದ್ದ ಮ್ಯಾನೇಜರು ಬಾಯಿ ಕೆಟ್ಟವರು, ಹೆಂಗಸರ ಮುಂದೆ ಆಡಬಾರದ್ದನ್ನೆಲ್ಲ ಆಡುತ್ತಿದ್ದರು. ಅವರು ಹೋದಾಗ ನಾನು ಸಂತೋಷಪಟ್ಟೆ. ಆದರೆ ಕೆಟ್ಟ ಸುದ್ದಿಯಿದ್ದರೆ ಅವರೇ ಮರಳಿನ ರಾಶಿಯ ಮೇಲೆ ಹತ್ತಿ ನಿಂತು ಹೇಳುತ್ತಿದ್ದರು, ನಮ್ಮಿಂದ ಬೈಸಿಕೊಂಡು ಇಳಿಯುತ್ತಿದ್ದರು. ಈಗ ಸುದ್ದಿಗೆ ಬಾಯಿಯೇ ಇಲ್ಲ. ಯಾರನ್ನು ಬೈಯಬೇಕೆಂದು ತಿಳಿಯದ ಜನ ಎದುರಿಗೆ ಸಿಕ್ಕಿದ ನನ್ನೊಂದಿಗೆ ಮಾತೇ ಬಿಟ್ಟರು.

ನನ್ನನ್ನು ನೀವು ಉಳಿಸಿಕೊಂಡಿರಿ. ‘ಬದಲಾವಣೆಯ ನಾಯಕಿ’ ಎಂದು ಪ್ರಮಾಣಪತ್ರವನ್ನೂ ಕೊಟ್ಟಿರಿ. ಹೆಂಗಸರ ಸದ್ದಿನಿಂದ ತುಂಬಿರುತ್ತಿದ್ದ ಆ ಶೆಡ್ಡಿನಲ್ಲಿ ಈಗ ಯಂತ್ರದ್ದೊಂದೇ ಸದ್ದು. ಗಾಜಿನಾಚೆ ಕೂರುವ ಆಪರೇಟರುಗಳು ಊಟದ ಹೊತ್ತಿಗೆ ತಮ್ಮ ಗೆಳೆಯರ ಕಡೆ ಹೋಗುತ್ತಾರೆ. ನಾನು ಡಬ್ಬಿ ಬಿಚ್ಚಿ ಗೋಡೆಯ ಕಡೆ ತಿರುಗಿ ಉಣ್ಣುತ್ತೇನೆ. ಸಂಜೆ ಮನೆಗೆ ಹೋದರೆ ಬಾಗಿಲು ತೆಗೆದ ಕೂಡಲೇ ಟೀವಿ ಹಾಕುತ್ತೇನೆ. ನೋಡುವುದಕ್ಕಲ್ಲ.

ಕಳೆದ ವಾರ ಪುಟ್ಟಲಕ್ಷ್ಮಿ ನಾನಿದ್ದ ಬಸ್ಸನ್ನೇ ಹತ್ತಿದಳು. ಭದ್ರಾವತಿಯ ಯಾವುದೋ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ಹೋಗುತ್ತಾಳೆಂದು ಕೇಳಿದ್ದೆ. ನನ್ನ ಪಕ್ಕದ ಸೀಟು ಖಾಲಿಯಿತ್ತು. “ಬಾರೇ ಪುಟ್ಟಿ, ಕೂತ್ಕೋ” ಎಂದೆ.

“ಬೇಡ ಮೇಡಂ, ಇಲ್ಲೇ ಮುಂದೆ ಇಳೀತೀನಿ.”

ಕಂಬಿ ಹಿಡಿದು ನಿಂತೇ ಇದ್ದಳು. ಮಾಚೇನಹಳ್ಳಿಯಲ್ಲಿ ಇಳಿದದ್ದು ನಾನು. ಬಸ್ಸು ಅವಳನ್ನು ಹೊತ್ತು ಮುಂದೆ ಹೋಯಿತು, ಅವಳು ಆಗಲೂ ನಿಂತೇ ಇದ್ದಳು.

ಈಗ ನನ್ನ ಬೇಡಿಕೆ. ಅಚ್ಚು ಮಾಡುವ ಮೋಲ್ಡಿಂಗ್ ವಿಭಾಗದವರು ಕೇಳಲು ಶುರುಮಾಡಿದ್ದಾರೆ: ಮುಂದಿನ ಸರದಿ ನಮ್ಮದಾ? ಅವರಿಗೆ ಸಂದೇಶ ಮುಟ್ಟಿಸುವ ಕೆಲಸವನ್ನು ಈ ಸಲವೂ ನನಗೇ ವಹಿಸಿದ್ದೀರಿ. ನಾನು ಹೋಗುವುದಿಲ್ಲ. ನೀವು ಬನ್ನಿ. ಕ್ಯಾಮೆರಾ ಬೇಡ, ತರಬೇತುದಾರರು ಬೇಡ. ಗೊತ್ತಿರುವುದನ್ನು ಗೊತ್ತಿದೆ ಎನ್ನಿ, ಗೊತ್ತಿಲ್ಲದ್ದನ್ನು ನಿಮ್ಮ ಬಾಯಿಂದಲೇ ಗೊತ್ತಿಲ್ಲ ಎನ್ನಿ. ಜನ ಕೋಪಿಸಿಕೊಂಡರೆ ನಿಂತು ಕೇಳಿಸಿಕೊಳ್ಳಿ, ನಡುವೆ ಬಿಟ್ಟು ಹೋಗಬೇಡಿ. ಅಂದು ನಾನೂ ಬರುತ್ತೇನೆ, ಆದರೆ ನಿಮ್ಮ ಪಕ್ಕದಲ್ಲಿ ನಿಲ್ಲುವುದಿಲ್ಲ. ಕೇಳುವವರ ಸಾಲಿನಲ್ಲಿ ಕೊನೆಗೆ ನಿಂತಿರುತ್ತೇನೆ. ಅವರು ಜಾಗ ಕೊಟ್ಟರೆ.

ಇಂತಿ,
ಹಿಂದೆ ಬರುವವರು ಯಾರೂ ಇಲ್ಲದ ನಿಮ್ಮ ನಾಯಕಿ,
ಜಯಾ
ಗೋಪಾಳ, ಶಿವಮೊಗ್ಗ