ಏಳನೆಯ ಒಲೆಯ ನೀರು

ಅರಬ್ಬಿ ಸಮುದ್ರದ ನಡುದಿಣ್ಣೆಯ ಮೇಲಿನ ತೇಲೂರು,
ಇಸವಿ ೨೩೮೧, ಹದಿಮೂರನೆಯ ತಿಂಗಳು, ಎರಡನೆಯ ದಿನ.

ಒಲೆಯ ಕಟ್ಟಳೆಯನ್ನು ಮೊದಲು ಬರೆದ ಹಿರಿಯರಿಗೆ,

ಹದಿಮೂರನೆಯ ತಿಂಗಳು ಎಂದು ಹುಬ್ಬೇರಿಸಬೇಡಿ. ನಾವು ಉಬ್ಬರ ಇಳಿತ ಹಿಡಿದು ತಿಂಗಳು ಎಣಿಸುವವರು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಹೆಸರು ಅಂಬುಜಾ ಖಾರ್ವಿ, ಒಲೆಗಾರ್ತಿ. ಕಡಲ ತಳ ಬಿರಿದು ಬಿಸಿನೀರು ಉಗುಳುವ ಕಲ್ಲುಕೊಳವೆಗಳನ್ನು ನಾವು ಒಲೆ ಎನ್ನುತ್ತೇವೆ. ಯಾವ ಒಲೆ ಉರಿಯುತ್ತಿದೆ, ಯಾವುದು ಆರಿದೆ ಎಂದು ಹೇಳುವುದು ನನ್ನ ಕೆಲಸ. ಆರಿದ ಒಲೆಯನ್ನು ಮಾತ್ರ ತಾಮ್ರಕ್ಕಾಗಿ ಕಡಿಯಬಹುದು ಎಂದು ಬರೆದವರು ನೀವೇ. ಕೆಲಸ ಬಿಡುವ ಒಲೆಗಾರ್ತಿ ನಿಮಗೊಂದು ಕಾಗದ ಬರೆಯುವುದು ಇಲ್ಲಿನ ವಾಡಿಕೆ. ಎಲ್ಲರೂ ತಮ್ಮ ಹೆಚ್ಚುಗಾರಿಕೆ ಬರೆಯುತ್ತಾರೆ. ನನಗೆ ಬರೆಯಲಿಕ್ಕಿರುವುದು ನಾಚಿಕೆಗೇಡು: ನನ್ನ ತಪ್ಪನ್ನು ಹತ್ತೊಂಬತ್ತು ವರ್ಷದಿಂದ ಇನ್ನೊಬ್ಬರು ಹೊತ್ತಿದ್ದಾರೆ.

ಅವರು ದುರ್ಗು ಮಾವ. ರಕ್ತಸಂಬಂಧಿಯಲ್ಲ, ಆದರೆ ಗುಳ್ಳೆಯಲ್ಲಿ, ಅಂದರೆ ಇಬ್ಬರು ಕೂತು ತಳಕ್ಕಿಳಿಯುವ ನಮ್ಮ ಗಾಜಿನ ದೋಣಿಯಲ್ಲಿ, ನನ್ನನ್ನು ಮೊದಲು ಕೂರಿಸಿಕೊಂಡವರು. ದೋಣಿಯ ಉಕ್ಕಿನ ಕೈಯಿಂದ ಸೀಸೆಯನ್ನು ಒಲೆಯ ಬಾಯಿಗೆ ಹಿಡಿಯುವವರೂ ಅವರೇ. ಆ ದಿನ ಏಳನೆಯ ಒಲೆ ಹೊಗೆ ಬಿಟ್ಟಿರಲಿಲ್ಲ. ಸೀಸೆ ಒಲೆಯ ಬಾಯಿಯೊಳಗೆ ಒಂದು ಗೇಣು ಇಳಿಯಬೇಕಿತ್ತು, ಮೇಲೆಯೇ ನಿಂತಿತು. ಬೇಗ ಬೇಗ ಕೆಲಸ ಮುಗಿಸುವವಳೆಂದು ನನಗೆ ಹೆಸರಿತ್ತು. ಸಾಕು, ಹೊರಡೋಣ ಎಂದೆ. ಮಾವ ಉಕ್ಕಿನ ಕೈ ಹಿಂದೆಗೆಯಲಿಲ್ಲ.

"ಬಿಸಿ ಇತ್ತ್ ಮಾರಾಯ್ತಿ. ನೀರ್ ನಡುಗುದ್ ಕಾಣಲ್ಯಾ? ಇನ್ನೊಂದ್ ಸಲ ಕಾಂಬ" ಎಂದರು.

ನಿಮ್ಮ ಕಣ್ಣಿಗಿಂತ ನನ್ನ ಯಂತ್ರ ಚುರುಕು ಮಾವ ಎಂದು ನಕ್ಕುಬಿಟ್ಟೆ. ಥೂ, ಆ ನಗು!

ಸೀಸೆಯ ನೀರನ್ನು ಅಳೆಯುವ ಆ ಯಂತ್ರ ಹೇಳಿದ್ದನ್ನೂ ನಾನು ಸರಿಯಾಗಿ ಕೇಳಲಿಲ್ಲ. ಸ್ಟ್ರಾನ್ಷಿಯಂ ಎಂಬ ಧಾತುವಿನಲ್ಲಿ ತೂಕ ಬೇರೆಯಾದ ಪರಮಾಣುಗಳಿವೆ, ನಿಮ್ಮ ಭಾಷೆಯಲ್ಲಿ ಐಸೋಟೋಪುಗಳು. ಅವುಗಳ ಪ್ರಮಾಣ ಕಡಲ ನೀರಿನಲ್ಲಿ ಒಂದು, ತಳದ ಬಿಸಿಬಂಡೆಯಲ್ಲಿ ಇನ್ನೊಂದು. ಬಂಡೆಯೊಳಗೆ ಸುತ್ತಿ ಬಂದ ನೀರು ಬಂಡೆಯ ಗುಣವನ್ನೇ ಹೊತ್ತು ತರುತ್ತದೆ. ನನ್ನ ಸೀಸೆಯ ಅಂಕಿ ಕಡಲಿಗಿಂತ ಕೊನೆಯ ಸ್ಥಾನದಲ್ಲಿ ಮೂರೇ ಮೂರು ಕಡಿಮೆ ಇತ್ತು. ಯಂತ್ರದ ಅಲುಗಾಟ ಎಂದುಕೊಂಡೆ. ಪಕ್ಕದಲ್ಲೇ ಮೆಗ್ನೀಸಿಯಂ ಅಂಕಿಯೂ ಇತ್ತು. ಬಿಸಿಬಂಡೆ ಮೆಗ್ನೀಸಿಯಮ್ಮನ್ನು ಪೂರ್ತಿ ಹೀರಿಕೊಳ್ಳುತ್ತದೆ; ಅಪ್ಪಟ ಒಲೆನೀರಿನಲ್ಲಿ ಅದು ಇರುವುದೇ ಇಲ್ಲ. ಎಷ್ಟು ಉಳಿದಿದೆಯೋ ಅಷ್ಟು ಕಡಲನೀರು ಒಳನುಸುಳಿದೆ ಎಂದರ್ಥ. ನನ್ನ ಸೀಸೆಯಲ್ಲಿ ಇಪ್ಪತ್ತು ಪಾಲಿನಲ್ಲಿ ಹತ್ತೊಂಬತ್ತು ಪಾಲು ಕಡಲನೀರೇ ಆಗಿತ್ತು. ಉಳಿದ ಒಂದು ಪಾಲಿನಿಂದಲೇ ಆ ಮೂರು ಅಂಕಿ ಇಳಿದಿತ್ತು, ಅಂದರೆ ಒಲೆ ಉರಿಯುತ್ತಲೇ ಇತ್ತು. ಹೊಸದಾಗಿ ಸೇರಿದವರಿಗೂ ಗೊತ್ತಿರುವ ಲೆಕ್ಕ. ನಾನು ಮಾಡಲಿಲ್ಲ. ಆರಿದೆ ಎಂದು ಬರೆದು ಸಹಿ ಹಾಕಿದೆ.

ಒಂಬತ್ತನೆಯ ದಿನ ಒಲೆಯ ತುಂಡುಗಳು ಮೇಲೆ ಬಂದವು. ಕಡಿದ ಮೈಯಲ್ಲೆಲ್ಲ ಬಿಳಿಹರಳು ಫಳಫಳ ಹೊಳೆಯುತ್ತಿತ್ತು. ಆ ಹರಳು ಬಿಸಿಯಲ್ಲಿ ಬೆಳೆದು ತಣ್ಣೀರಲ್ಲಿ ಕರಗಿಹೋಗುವಂಥದ್ದು. ಆರಿದ ಒಲೆಯಲ್ಲಿ ಹಾಗೆ ತುಂಬಿರುವುದಿಲ್ಲ. ಕಬ್ಬಿಣದ ಹುರುಪೆ ಹೊತ್ತ ಬಸವನಹುಳುಗಳು ಕಲ್ಲಿಗೆ ಅಂಟಿಕೊಂಡೇ ಸತ್ತಿದ್ದವು. ಬೇರೆ ಒಲೆಗಳಲ್ಲಿ ಅವು ಇರಲಿಲ್ಲ, ಈಗಲೂ ಇಲ್ಲ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಸೀಸೆಗೆ ಅಷ್ಟು ಕಡಲನೀರು ಹೇಗೆ ಸೇರಿತು? ಸೀಸೆ ಹಿಡಿದವರು ದುರ್ಗಯ್ಯ ಖಾರ್ವಿ ಎಂದೆ. ಅದು ಸುಳ್ಳಲ್ಲ. ಇನ್ನೊಂದು ಸಲ ನೋಡೋಣ ಎಂದವರು ಅವರು, ಬೇಡ ಎಂದವಳು ನಾನು ಎಂಬುದನ್ನು ಮಾತ್ರ ನುಂಗಿದೆ. ಮಾವ ಒಮ್ಮೆ ನನ್ನ ಕಡೆ ನೋಡಿ, ತಪ್ಪನ್ನು ತಾವೇ ಹೊತ್ತುಕೊಂಡರು. ಅವರನ್ನು ಗುಳ್ಳೆಯಿಂದ ಇಳಿಸಿ ಅಡುಗೆಮನೆಗೆ ಹಾಕಿದರು. ಒಲೆ ಕೊಂದವನು ಎಂದು ಮಕ್ಕಳೂ ಕರೆಯುತ್ತಾರೆ. ನನಗೆ ಬಡ್ತಿ ಸಿಕ್ಕಿತು. ಈಗಲೂ ಮಾವ ದಿನಾ ನನ್ನ ತಟ್ಟೆಗೆ ಗಂಜಿ ಬಡಿಸುತ್ತಾ "ಎಂತ ಹೆಣೆ, ಸೊರಗಿದ್ಯಲೆ" ಎಂದು ಮಗಳನ್ನು ಕೇಳುವಂತೆ ಕೇಳುತ್ತಾರೆ. 

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಕಟ್ಟಳೆಯಲ್ಲಿ ಒಂದು ಸಾಲು ಸೇರಿಸಿ: ಜೊತೆಗಿದ್ದವರು ಇನ್ನೊಮ್ಮೆ ನೋಡೋಣ ಎಂದರೆ, ನೋಡದೆ ಸಹಿ ಹಾಕಕೂಡದು.

ಆದರೆ ನೀವು ಸತ್ತು ಮುನ್ನೂರು ವರ್ಷವಾಯಿತು. ನಿಮ್ಮ ಮುಂದೆ ತಪ್ಪೊಪ್ಪಿಕೊಳ್ಳಲು ನನಗೇನು ಕಷ್ಟ? ಎಂಟು ಬಾಗಿಲಾಚೆ ಇರುವ ಮನುಷ್ಯನಿಗೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಾ ಕೂತಿದ್ದೇನೆ, ಹೇಡಿ. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಊರೆಲ್ಲ ಸಾಲಾಗಿ ಕೂತಿರುತ್ತದೆ, ಮಾವ ಸೌಟು ಹಿಡಿದು ನಿಂತಿರುತ್ತಾರೆ. ಈ ಕಾಗದವನ್ನು ಅಲ್ಲಿಗೇ ಒಯ್ಯುತ್ತೇನೆ. ಎಲ್ಲರೆದುರು ನಿಂತು, ಮೊದಲಿಂದ ಕೊನೆಯವರೆಗೆ, ಗಟ್ಟಿಯಾಗಿ ಓದುತ್ತೇನೆ.