ಬಟ್ಟೆ ಅಳೆಯೋ ಸ್ಕೇಲು

ಪುಟ್ಟಿ,

ಅಪ್ಪನ ಕಣ್ಣಿಗೆ ಬೀಳಬಾರದು ಅಂತ ಚೀಟೀನ ನಿನ್ನ ಶೂ ಒಳಗೆ ಇಟ್ಟಿದ್ದೀನಿ. ಓದಿ ಹರಿದುಹಾಕು.

ಬೆನ್ನಿಗೆ ಹಚ್ಚೋ ಮುಲಾಮು ಅಕ್ಕಿ ಡಬ್ಬದ ಹಿಂದಿದೆ. ಸ್ಕೂಲಿಂದ ಮನೆಗೆ ಬರಬೇಡ, ನೇರ ದೊಡ್ಡಮ್ಮನ ಮನೆಗೆ ಹೋಗು. ಡ್ಯೂಟಿ ಮುಗಿಸಿ ನಾನೂ ಅಲ್ಲಿಗೇ ಬರ್ತೀನಿ. ಫೋನ್ ಮಾಡಬೇಡ, ನನ್ನ ಫೋನು ಅಪ್ಪನ ಹತ್ತಿರ ಇದೆ.

ಅಂಗಡಿಗೆ ಹೊರಡುವಾಗ ಅಪ್ಪ ಬಟ್ಟೆ ಅಳೆಯೋ ಸ್ಕೇಲು ಕೇಳಿದರೆ ನೋಡಿಲ್ಲ ಅನ್ನು. ಅದು ನನ್ನ ಬ್ಯಾಗಲ್ಲಿದೆ. ಅರ್ಧ ಹೊರಗೇ ಚಾಚಿಕೊಂಡಿದೆ, ಗೇಟು ದಾಟೋವರೆಗೂ ನನಗೆ ಜೀವದಲ್ಲಿ ಜೀವ ಇರಲ್ಲ.

ಎರಡು ಏಟು ಬಿದ್ದರೇನೇ ಮಕ್ಕಳಿಗೆ ಬುದ್ಧಿ ಬರೋದು ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದವಳು ನಾನು. ನಿನ್ನೆ ಎರಡಕ್ಕೆ ನಿಲ್ಲಲಿಲ್ಲ. ಆ ಸ್ಕೇಲನ್ನು ಹುಡುಕಿ ಅವರ ಕೈಗೆ ಕೊಟ್ಟವಳೂ ನಾನೇ, ಮಗಳೇ.

ಅಮ್ಮ