ಕಿಟಕಿ ಪಕ್ಕದ ಹನ್ನೊಂದನೇ ಫ್ರೇಮು

ಫೆಬ್ರುವರಿ 3, ಮಂಗಳವಾರ

ಬೆಳಿಗ್ಗೆಯಿಂದ ಇಸ್ತ್ರಿ. ಸ್ಟುಡಿಯೋದ ಬಿಳಿ ಪರದೆಗಳು ಆರು, ಒಂದೊಂದೂ ಹನ್ನೆರಡು ಅಡಿ. ಸುಕ್ಕು ಉಳಿದರೆ ಫೋಟೋದಲ್ಲಿ ಬಿರುಕು ಬಿಟ್ಟ ಗೋಡೆಯಂತೆ ಕಾಣುತ್ತದೆ. ಸೊಂಟ ಬಿದ್ದುಹೋಯಿತು.

ಮಧ್ಯಾಹ್ನ ಹೊಸ ಮದುಮಗಳು, ಅವಳ ತಾಯಿ. ಮದುವೆಯಲ್ಲಿ ಎಲ್ಲವೂ ಬಿಳಿಯೇ ಆಗಬೇಕಂತೆ — ಹೂ, ಕುರ್ಚಿ, ಕಾರು, ಬಂದವರ ಬಟ್ಟೆ ಕೂಡ. ಮಾತೆಲ್ಲ ತಾಯಿಯದೇ. ಹುಡುಗಿ ಉಗುರು ಕಚ್ಚುತ್ತ ಕೂತಿದ್ದಳು.

ಅವರು ಹೋದ ಮೇಲೆ ಅಣ್ಣ, "ನೆಂಟರೆಲ್ಲ ಬಿಳಿ ಹಾಕ್ಕೊಂಡು ಬಂದ್ರೆ ಆಸ್ಪತ್ರೆಯವರ ಗ್ರೂಪ್ ಫೋಟೋ ಆಗುತ್ತೆ ಬೊಂಬೆ" ಅಂದರು. ನಕ್ಕು ನಕ್ಕು ಸಾಕಾಯಿತು.

ಅಣ್ಣ ಎನ್ನುವುದು ಬಾಯಿಮಾತಿಗೆ. ಸ್ಟುಡಿಯೋ ಅವರದು, ನಾನು ಕೆಲಸದವಳು. ಆದರೂ ಒಂಬತ್ತು ವರ್ಷ ಕರೆದು ಕರೆದು ಅದೇ ನಿಜವಾಗಿಬಿಟ್ಟಿದೆ. ಬೊಂಬೆ ಅಂದರೆ ನಾನು. ಮದುಮಗಳು ಬರುವ ಮೊದಲು ಅವಳ ಜಾಗದಲ್ಲಿ ನಿಲ್ಲುವುದು ನನ್ನ ಕೆಲಸ, ಅಣ್ಣ ಲೈಟ್ ನೋಡಿಕೊಳ್ಳುತ್ತಾರೆ. ಸಂಜೆ ಆ ಫೋಟೋಗಳನ್ನು ನಾನೇ ಡಿಲೀಟ್ ಮಾಡುತ್ತೇನೆ. ಇವತ್ತು ನಲವತ್ತೆರಡು ಸಲ ನನ್ನನ್ನು ಅಳಿಸಿದೆ.

ಫೆಬ್ರುವರಿ 7, ಶನಿವಾರ

ಒಂದು ತಪ್ಪು ಮಾಡಿದೆ. ಬರೆದಿಡುತ್ತೇನೆ, ಯಾರಿಗೂ ಹೇಳುವಂತಿಲ್ಲ.

ಮದುಮಗಳ ಗೌನು ಬಂದಿತ್ತು, ಹ್ಯಾಂಗರಿಗೆ ಹಾಕಿ ಫೋಟೋ ತೆಗೆಯಲಿಕ್ಕೆ. ಅಣ್ಣ ಅದನ್ನೇ ಹಾಕಿಕೊಂಡು ನಿಲ್ಲು ಅಂದರು. "ಪರದೆ ಬಿಳಿ ಬೇರೆ, ಇದರ ಬಿಳಿ ಬೇರೆ. ಬೆಡ್‌ಶೀಟ್ ಸುತ್ಕೊಂಡು ನಿಂತ್ರೆ ನನಗೆ ಲೈಟಿನ ಲೆಕ್ಕ ಸಿಗಲ್ಲ."

"ಬೇರೆಯವರ ಮದುವೆ ಬಟ್ಟೆ ಅಣ್ಣ, ಬೇಡ."

"ಹತ್ತು ನಿಮಿಷ. ಯಾರಿಗೆ ಗೊತ್ತಾಗುತ್ತೆ?"

ಹಾಕಿಕೊಂಡೆ. ಬೆನ್ನಿನ ಜಿಪ್ ಏರಲಿಲ್ಲ, ಪರದೆಯ ಕ್ಲಿಪ್ ಸಿಕ್ಕಿಸಿದೆವು. ಪಡುವಣ ಕಿಟಕಿಗೆ ಮೂರೂವರೆಯ ಬಿಸಿಲು. ನಾಲ್ಕೂಕಾಲಿಗೆ ಅದು ಎದುರಿನ ಕಟ್ಟಡದ ಹಿಂದೆ ಹೋಗಿಬಿಡುತ್ತದೆ. ಬಿಳಿ ಗೋಡೆ, ಬಿಳಿ ಪರದೆ, ಬಿಳಿ ಗೌನು... ಬಣ್ಣ ಅಂತ ಇದ್ದದ್ದು ನನ್ನ ಕೂದಲು, ಮುಖ, ಪರದೆ ಹಿಡಿದ ಎಡಗೈ. ಹತ್ತು ಫ್ರೇಮು ಆದವು. ಹನ್ನೊಂದನೆಯದಕ್ಕೆ ಅಮ್ಮ ಮಾತ್ರೆ ನುಂಗಿದಳೋ ಇಲ್ಲವೋ ಅಂತ ಯೋಚಿಸುತ್ತ ಹೊರಗೆ ನೋಡಿದೆ. ಕ್ಲಿಕ್. ಅಣ್ಣ ಕ್ಯಾಮೆರಾ ತಿರುಗಿಸಿ ತೋರಿಸಿದರು.

ನಾನು ಇಷ್ಟು ಚೆನ್ನಾಗಿದ್ದೇನೆಂದು ಮೂವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ.

"ಇದನ್ನ ಅಳಿಸ್ಬೇಡ. ನಿಂದು ಇದು. ದೊಡ್ಡದಾಗಿ ಪ್ರಿಂಟ್ ಹಾಕಿಸ್ಕೊಡ್ತೀನಿ, ಅಮ್ಮನಿಗೆ ಕೊಡು."

ಕಣ್ಣು ತುಂಬಿತು. ಲೆನ್ಸ್ ಒರೆಸುವ ಬಟ್ಟೆಯಲ್ಲೇ ಒರೆಸಿಕೊಂಡು ಬೈಸಿಕೊಂಡೆ.

ಫೆಬ್ರುವರಿ 8, ಭಾನುವಾರ

ಅಮ್ಮನಿಗೆ ಫೋಟೋ ವಿಷಯ ಹೇಳಿದೆ. ಗೌನಿನ ವಿಷಯ ಬಿಟ್ಟು.

"ಊರವರ ಮಕ್ಕಳ ಫೋಟೋ ಎಲ್ಲಾ ನೀನೇ ತೆಗೆಸೋದು. ನಮ್ಮನೇಲಿ ನಿಂದು ಅಂತ ಇರೋದು ಸ್ಕೂಲಿಂದು ಒಂದೇ. ಅದ್ರಲ್ಲೂ ಕಣ್ಣು ಮುಚ್ಚಿದ್ದೀಯ."

ಮಧ್ಯಾಹ್ನ ಮಲಗಿ ಎದ್ದರೆ ಗೋಡೆಗೆ ಮೊಳೆ. ಮಂಡಿ ನೋವು ಅಂತ ಮೆಟ್ಟಿಲು ಹತ್ತದವಳು ಸ್ಟೂಲು ಹತ್ತಿ ಹೊಡೆದಿದ್ದಾಳೆ.

ಫೆಬ್ರುವರಿ 11, ಬುಧವಾರ

ಅದೇ ಕಿಟಕಿ ಪಕ್ಕದ ಫೋಟೋಗೆ ಮದುಮಗಳು ಮೂರಕ್ಕೆ ಬರಬೇಕಿತ್ತು. ಬ್ಯೂಟಿ ಪಾರ್ಲರಿನಲ್ಲಿ ತಡವಾಗಿ ಐದೂವರೆಗೆ ಬಂದಳು. ಬಿಸಿಲು ಯಾವಾಗಲೋ ಹೋಗಿತ್ತು. ಫ್ಲಾಶ್ ಹಾಕಿ ತೆಗೆದದ್ದು ಪಾಸ್‌ಪೋರ್ಟ್ ಫೋಟೋದ ಅಕ್ಕನಂತೆ ಬಂತು. ನಾನೇ ಪಿನ್ನು ಹಾಕಿ ಗೌನಿನ ನೆರಿಗೆ ಸರಿಮಾಡಿದೆ. ಹುಡುಗಿ ಮೆಲ್ಲಗೆ, "ಅಕ್ಕಾ, ಚೆನ್ನಾಗ್ ಬರ್ತಿಲ್ಲ ಅಲ್ವಾ?" ಅಂದಳು. ಬರ್ತಿದೆ ಅಂದೆ. ನಾಳೆ ಮದುವೆ, ಇನ್ನೇನು ಹೇಳಲಿ.

ಫೆಬ್ರುವರಿ 16, ಸೋಮವಾರ

ಪ್ರಿಂಟ್ ಕೇಳಿದೆ. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತರು. ಅವತ್ತಿನ ಟೆಸ್ಟ್ ಫೋಟೋಗಳಿದ್ದ ಮೆಮೊರಿ ಕಾರ್ಡು ಕೆಟ್ಟಿದೆಯಂತೆ, ಒಂದೂ ಓಪನ್ ಆಗುತ್ತಿಲ್ಲವಂತೆ. "ನಿನ್ನ ಫೋಟೋ ಹೋಯ್ತಲ್ಲ ಬೊಂಬೆ, ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗ್ತಿದೆ ನಂಗೆ."

ಹೋಗಲಿ ಬಿಡಿ ಅಣ್ಣ ಅಂತ ನಾನೇ ಸಮಾಧಾನ ಮಾಡಿದೆ. ಕಾಫಿ ತಂದುಕೊಟ್ಟೆ.

ಅಮ್ಮನಿಗೂ ಹೇಳಿದೆ. ಮೊಳೆಗೆ ಕ್ಯಾಲೆಂಡರ್ ಸಿಕ್ಕಿಸಿದಳು.

ಮಾರ್ಚ್ 9, ಸೋಮವಾರ

ಇವತ್ತು ಅಕ್ಷರ ಸೊಟ್ಟ.

ಪ್ರೆಸ್ಸಿನಿಂದ ಆಲ್ಬಮ್ ಬಂತು. ಬಿಳಿ ರಟ್ಟು, ಜೊತೆಗೆ ಎಂದಿನಂತೆ ಮುಖಪುಟದ ಒಂದು ಸ್ಯಾಂಪಲ್ ಪ್ರಿಂಟು. ಬಿಚ್ಚಿದೆ. ಕಿಟಕಿ, ಮೂರೂವರೆಯ ಬಿಸಿಲು, ಪರದೆ ಹಿಡಿದು ಹೊರಗೆ ನೋಡುತ್ತ ನಿಂತ ಮದುಮಗಳು. ಎಷ್ಟು ಚೆನ್ನಾಗಿದೆ ಅಂದುಕೊಂಡೆ, ಪಾಪ ಹುಡುಗಿ ಖುಷಿಪಡುತ್ತಾಳೆ ಅಂದುಕೊಂಡೆ. ಆಮೇಲೆ ಹೆಬ್ಬೆರಳು ಕಂಡಿತು.

ಎಡಗೈ ಹೆಬ್ಬೆರಳು. ತುದಿ ಹೊರಕ್ಕೆ ಸೊಟ್ಟ. ನಾಲ್ಕು ವರ್ಷದವಳಿದ್ದಾಗ ಬಾಗಿಲಿಗೆ ಸಿಕ್ಕಿದ್ದು.

ನನ್ನ ಕೈ, ನನ್ನ ಭುಜ, ನಾನು ನಿಂತ ರೀತಿ. ಮುಖ ಮಾತ್ರ ಅವಳದು, ಐದೂವರೆಯ ಫ್ಲಾಶಿನದು, ಬೆಳಕು ತಿದ್ದಿ ಕೂರಿಸಿದ್ದು.

ಒಳಗೆ ಹೋಗಿ ಅಣ್ಣನ ಮೇಜಿನ ಮೇಲಿಟ್ಟೆ. ಮೊದಲು ನಕ್ಕ.

"ಕಂಡುಹಿಡಿದುಬಿಟ್ಯಾ! ಬಿಳಿ ಕೆಲಸದ ಸುಖ ಅದೇ ಕಣೇ, ಹೊಲಿಗೆ ಕಾಣಲ್ಲ."

"ಕಾರ್ಡ್ ಕೆಟ್ಟಿದೆ ಅಂದ್ರಿ."

"ಮತ್ತೇನ್ ಹೇಳ್ಲಿ? ಅವರಮ್ಮ ಕಿಟಕಿ ಫೋಟೋ ಎಲ್ಲಿ ಅಂತ ಪ್ರಾಣ ತಿಂತಿದ್ರು."

"ನಿಂದು ಅಂದಿದ್ರಿ. ಅಮ್ಮನಿಗೆ ಕೊಡು ಅಂದಿದ್ರಿ."

"ಇದ್ರಲ್ಲಿ ನಿನ್ನ ಮುಖ ಎಲ್ಲಿದೆ? ಮುಖ ಇಲ್ಲ ಅಂದ್ಮೇಲೆ ನಿಂದು ಹೇಗಾಗುತ್ತೆ?"

ನನ್ನ ಮುಖ ಇರುವ ಮೂಲ ಫೋಟೋ ಕೊಡಿ, ಸಾಕು ಅಂದೆ. ಅಳಿಸಿದ್ದಾನೆ. ಯಾರಾದರೂ ನೋಡಿದರೆ ಕಷ್ಟ ಅಂತ, ಅವಳ ಮುಖ ಕೂರಿಸಿದ ದಿನವೇ. ನಾನು ಕಾಫಿ ತಂದುಕೊಟ್ಟಾಗ ಅದು ಇರಲೇ ಇಲ್ಲ.

ಬಾಗಿಲ ತನಕ ಬಂದವಳನ್ನು ಮೆಲ್ಲಗೆ ಕರೆದ. "ಹಾಗೆಲ್ಲ ಹೋಗಿ ಹೇಳ್ಬೇಡ. ಗೌನ್ ಹಾಕ್ಕೊಂಡಿದ್ದು ನೀನು, ನಾನಲ್ಲ."

ನಂಬಿಸಿ ಕತ್ತು ಕೊಯ್ಯುವುದು ಅಂತಾರಲ್ಲ. ಇಷ್ಟು ಮೆತ್ತಗಿನ ದನಿಯಲ್ಲಿ ಕೊಯ್ಯುತ್ತಾರೆಂದು ಗೊತ್ತಿರಲಿಲ್ಲ. ಸ್ಯಾಂಪಲ್ ಪ್ರಿಂಟನ್ನು ಬ್ಯಾಗಿಗೆ ತುರುಕಿಕೊಂಡು ಬಂದೆ. ಕದ್ದದ್ದೇ. ಏನೀಗ?

ಮಾರ್ಚ್ 11, ಬುಧವಾರ

ಆಲ್ಬಮ್ ತಲುಪಿಸಲು ನನ್ನನ್ನೇ ಕಳಿಸಿದ. ನಾನು ಬಾಯಿ ಬಿಡುವುದಿಲ್ಲ ಎಂಬ ಧೈರ್ಯ ನೋಡು.

ಮದುಮಗಳ ತಾಯಿ ಮುಖಪುಟ ನೋಡಿ ಅತ್ತರು. "ನನ್ನ ಮಗಳು ಎಷ್ಟು ನಿರಾಳವಾಗಿ ನಿಂತಿದ್ದಾಳೆ ನೋಡಿ." ಹಾಲ್‌ನಲ್ಲಿ ಗೋಡೆಯಷ್ಟು ದೊಡ್ಡದಾಗಿ ಹಾಕಿಸುತ್ತಾರಂತೆ. ಹುಡುಗಿ ಅಳಲಿಲ್ಲ, ನಗಲಿಲ್ಲ. ಫೋಟೋ ನೋಡಿದಳು. ತನ್ನ ಕಚ್ಚಿದ ಉಗುರು ನೋಡಿಕೊಂಡಳು. ಆಮೇಲೆ ಟೀ ಲೋಟ ಹಿಡಿದ ನನ್ನ ಕೈ ನೋಡಿದಳು, ಬಹಳ ಹೊತ್ತು.

ಗೇಟಿನ ತನಕ ಜೊತೆಗೆ ಬಂದಳು.

"ನಾನ್ ಬಂದಾಗ ಬಿಸಿಲೇ ಇರ್ಲಿಲ್ಲ ಅಕ್ಕಾ."

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಎಲ್ಲ ಹೇಳಿದೆ. ಗೌನು, ಕ್ಲಿಪ್ಪು, ಎಲ್ಲ.

"ನನ್ ಗೌನ್ ನನಗಿಂತ ಮುಂಚೆ ನೀವು ಹಾಕ್ಕೊಂಡ್ರಿ."

"ಹೌದು."

"ಅವತ್ತು ನೀವೇ ಪಿನ್ ಹಾಕಿದ್ರಿ. ಆಗ್ಲೂ ಹೇಳ್ಲಿಲ್ಲ."

ಅವನು ನನಗೆ ಮಾಡಿದ್ದನ್ನೇ ನಾನು ಇವಳಿಗೆ ಮಾಡಿದ್ದೇನೆ. ಕ್ಷಮಿಸಿ ಅಂದೆ. ಅವಳು ಆಯ್ತು ಅನ್ನಲಿಲ್ಲ.

"ನಾಳೆ ಹತ್ತಕ್ಕೆ ಅಮ್ಮನ್ನ ಕರ್ಕೊಂಡು ಸ್ಟುಡಿಯೋಗೆ ಬರ್ತೀನಿ. ಅವರಿಗೆ ನಾನ್ ಹೇಳಿದ್ರೆ ನಂಬಲ್ಲ. ಅದು ನಾನೇ ಅನ್ನೋದು ಅಷ್ಟು ಬೇಕಾಗಿದೆ ಅವರಿಗೆ. ನೀವು ಬಂದು ಹೇಳ್ಬೇಕು, ಅವರ ಎದುರಿಗೇ."

ಮಾರ್ಚ್ 12, ಗುರುವಾರ. ಬೆಳಿಗ್ಗೆ 8

ಅವನ ಫೋನು. ಹತ್ತಕ್ಕೆ ಬರುತ್ತೇವೆಂದು ಹುಡುಗಿಯ ತಾಯಿ ಅವನಿಗೆ ಫೋನ್ ಮಾಡಿದ್ದಾರಂತೆ. "ಬೊಂಬೆ, ಇವತ್ತು ರಜಾ ತಗೋ. ಅಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗು. ನಾನು ನೋಡ್ಕೋತೀನಿ." ಒಂಬತ್ತು ವರ್ಷದಲ್ಲಿ ತಾನಾಗಿ ಕೊಟ್ಟ ಮೊದಲ ರಜೆ.

ಹೋಗದಿದ್ದರೆ ಕೆಲಸ ಉಳಿಯುತ್ತದೆ. ಹೋದರೆ ಬೇರೆ ಯಾವ ಸ್ಟುಡಿಯೋದವರೂ ಸೇರಿಸಲಿಕ್ಕಿಲ್ಲ — ಗಿರಾಕಿಯ ಮದುವೆ ಗೌನು ಹಾಕಿಕೊಂಡವಳು.

9.10

ಟಿಫಿನ್ ಡಬ್ಬಿ ಇಡಲು ಅಮ್ಮ ಬ್ಯಾಗು ತೆರೆದಿದ್ದಾಳೆ. ಪ್ರಿಂಟು ಸಿಕ್ಕಿದೆ. ನಾನು ಸ್ನಾನ ಮುಗಿಸಿ ಬಂದಾಗ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಕಣ್ಣಿಗೆ ತೀರಾ ಹತ್ತಿರ ತಂದು ನೋಡುತ್ತಿದ್ದಳು.

"ಯಾರೇ ಇವ್ಳು?"

"ಗಿರಾಕಿ ಅಮ್ಮ."

"ಮತ್ತೆ ಕೈ ನಿಂದು?"

ನಾನು ಎಡಗೈಯನ್ನು ಟವಲಿನೊಳಗೆ ಸರಿಸಿದೆ.

"ಆ ಬಾಗಿಲು ಹಾಕಿದ್ದು ನಾನು ಕಣೇ. ನಂಗೊತ್ತಾಗಲ್ವಾ ಆ ಬೆರಳು?" ಅಂದಳು. ಆಮೇಲೆ ತನ್ನ ಹೆಬ್ಬೆರಳನ್ನು ಆ ಹುಡುಗಿಯ ಮುಖದ ಮೇಲೆ ಒತ್ತಿಟ್ಟು, ಉಳಿದದ್ದನ್ನು ಮಾತ್ರ ನೋಡಿದಳು. "ಹೂಂ. ಚೆನ್ನಾಗಿದ್ದೀಯ."

ಅತ್ತುಬಿಟ್ಟೆ. ಅಮ್ಮ ಮೊಳೆಯ ಕ್ಯಾಲೆಂಡರಿಗೆ ಕೈ ಹಾಕಿದಳು. ಗೋಡೆಗೆ ಹಾಕಬೇಡ, ಅದು ಬೇಕು, ಬ್ಯಾಗಿಗೆ ಹಾಕು ಅಂದೆ. ಹಾಕಿದಳು.

9.30

ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಮತ್ತೆ ಅವನ ಫೋನು, ಎತ್ತಲಿಲ್ಲ. ಅಲ್ಲಿ ಬಾಯಿ ಕಟ್ಟಿಹೋಗುತ್ತದೆ, ನನಗೆ ಗೊತ್ತು. ಅದಕ್ಕೆ ಮೊದಲು ಪ್ರಿಂಟು ಮೇಜಿನ ಮೇಲಿಡುತ್ತೇನೆ. ಪಕ್ಕದಲ್ಲಿ ಎಡಗೈ ಇಡುತ್ತೇನೆ. ಆ ತಾಯಿ ನೋಡಲಿ. ಆಮೇಲೆ ಅವನು ಬೊಂಬೆ ಅಂತ ಕರೆದರೆ, ನಾನು ಓ ಅನ್ನುವುದಿಲ್ಲ.